ಮಂಗನ ಕಾಯಿಲೆ ಹರಡೋದು ಉಣುಗಿನಿಂದ: ಕಾಡಂಚಿನ ಊರಿನವರು, ಅಂಗಡಿಯವರು ತಿಳ್ಕೊಬೇಕಾದ ವಿಷಯ

ಅಡಿಕೆ ಕೊಯ್ಲು ಶುರುವಾಗಿ, ಕಾಡಲ್ಲಿ ಎಲೆ ಉದುರಿ, ದರಗು ಗುಡಿಸೋ ಕೆಲಸ ಆರಂಭ ಆಯ್ತು ಅಂದ್ರೆ ಮಲೆನಾಡಿನ ಆರೋಗ್ಯ ಕೇಂದ್ರಗಳಲ್ಲಿ ಒಂದು ಜ್ವರದ ಹೆಸರು ಮತ್ತೆ ಕೇಳಿಬರುತ್ತೆ. ಸರ್ಕಾರಿ ಕಾಗದದಲ್ಲಿ ಅದು ಕ್ಯಾಸನೂರು ಅರಣ್ಯ ಕಾಯಿಲೆ, ಚಿಕ್ಕದಾಗಿ ಕೆಎಫ್‌ಡಿ. ಜನರ ಬಾಯಲ್ಲಿ ಮಂಗನ ಕಾಯಿಲೆ. ಈ ಎರಡನೇ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತೆ. ತೋಟಕ್ಕೆ ಮಂಗ ಬಂದ್ರೆ ಕಾಯಿಲೆ ತಂತು ಅಂತ ಹೆದರಿ ಓಡಿಸ್ತಾರೆ. ಅದೇ ದಿನ ಮಧ್ಯಾಹ್ನ ಬರಿಗಾಲಲ್ಲಿ ಸೊಪ್ಪಿನಬೆಟ್ಟಕ್ಕೆ ಹೋಗಿ, ದರಗಿನ ಮೇಲೆ ಕೂತು ಎಲೆ ಅಡಿಕೆ ಹಾಕ್ತಾರೆ. ಅಪಾಯ ಹೆಚ್ಚು ಇರೋದು ಈ ಎರಡನೇ ಕೆಲಸದಲ್ಲಿ.

ಹೆಸರು ಬಂದದ್ದು ಸೊರಬದಿಂದ

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಒಂದರ ಹಿಂದೆ ಒಂದು ಸತ್ತು ಬೀಳೋಕೆ ಶುರುವಾದವು. ಅದೇ ಹೊತ್ತಿಗೆ ಕಾಡಂಚಿನ ಹಳ್ಳಿಗಳಲ್ಲಿ ಜನರಿಗೂ ವಿಪರೀತ ಜ್ವರ, ಸಾವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಈಗ ಎನ್‌ಐವಿ ಅಂತ ಕರೆಯೋ ಸಂಸ್ಥೆ ಅದೇ. ಅವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಯಾಕಂದ್ರೆ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರ ಬಂದಾಗಲೂ ಮಂಗಗಳು ಹೀಗೇ ಸಾಯ್ತವೆ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಅದುವರೆಗೆ ಯಾರೂ ಕಂಡಿರದ ವೈರಸ್. ರಷ್ಯಾ ಕಡೆ ಉಣುಗಿನಿಂದ ಹರಡೋ ಮೆದುಳು ಜ್ವರದ ವೈರಸ್‌ಗಳ ಬಳಗಕ್ಕೆ ಸೇರಿದ್ದು. ಅದಕ್ಕೆ ಕ್ಯಾಸನೂರಿನ ಹೆಸರನ್ನೇ ಇಟ್ಟರು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಸೊರಬದ ಒಂದು ಕಾಡಿನ ಹೆಸರು ಸೇರಿಕೊಂಡಿದ್ದು ಹೀಗೆ. ಹೆಮ್ಮೆ ಪಡೋ ವಿಷಯ ಏನಲ್ಲ ಬಿಡಿ.

ಉಣುಗಿನ ವರ್ಷ ಹೇಗಿರುತ್ತೆ?

ಕೆಲವರು ಉಣ್ಣೆ ಅಂತಾರೆ, ಕೆಲವರು ಉಣುಗು ಅಂತಾರೆ. ದನದ ಕಿವಿ, ಕೆಚ್ಚಲ ಹತ್ತಿರ ಕಚ್ಚಿಕೊಂಡಿರೋ ಹುಳು ಯಾವ ಹಳ್ಳಿಯವರಿಗೂ ಹೊಸದಲ್ಲ. ಈ ಕಾಯಿಲೆಯನ್ನ ಮುಖ್ಯವಾಗಿ ಹರಡೋದು ಹಿಮಾಫೈಸಾಲಿಸ್ ಸ್ಪೈನಿಜೆರಾ ಅನ್ನೋ ಕಾಡು ಉಣುಗು. ಇದರ ಲೆಕ್ಕಾಚಾರ ಅರ್ಥ ಆದ್ರೆ ಕಾಯಿಲೆ ಯಾಕೆ ಬೇಸಿಗೆಯಲ್ಲೇ ಬರುತ್ತೆ, ಯಾಕೆ ಮಳೆಗಾಲದಲ್ಲಿ ಮಾಯ ಆಗುತ್ತೆ ಅನ್ನೋದೂ ಅರ್ಥ ಆಗುತ್ತೆ.

ಮಳೆಗಾಲದಲ್ಲಿ ಬಲಿತ ಉಣುಗುಗಳು ದನ, ಎಮ್ಮೆ, ಕಾಡುಪ್ರಾಣಿಗಳಂಥ ದೊಡ್ಡ ಮೈಗಳ ರಕ್ತ ಹೀರಿ, ಹೊಟ್ಟೆ ತುಂಬಿದ ಮೇಲೆ ಉದುರಿ ನೆಲದಲ್ಲಿ ಮೊಟ್ಟೆ ಇಡ್ತವೆ. ಮಳೆ ಕಡಿಮೆ ಆಗೋ ಹೊತ್ತಿಗೆ ಮೊಟ್ಟೆ ಒಡೆದು ಪುಡಿ ಮರಿಗಳು ಬರ್ತವೆ. ಅವು ಇಲಿ, ಹಕ್ಕಿ, ಮಂಗದಂಥ ಪ್ರಾಣಿಗಳ ಮೈಗೆ ಹತ್ತಿ ರಕ್ತ ಕುಡಿದು, ಪೊರೆ ಕಳಚಿ ಸ್ವಲ್ಪ ದೊಡ್ಡ ಮರಿಗಳಾಗ್ತವೆ. ಈ ಎರಡನೇ ಹಂತದ ಮರಿಯೇ ಮನುಷ್ಯನಿಗೆ ಹೆಚ್ಚಾಗಿ ಕಚ್ಚೋದು. ಇದರ ಕಾಲ ನವೆಂಬರ್‌ನಿಂದ ಮೇವರೆಗೆ. ಗಾತ್ರ ಹೆಚ್ಚುಕಮ್ಮಿ ಗಸಗಸೆ ಕಾಳಿನಷ್ಟು. ಕಚ್ಚಿದ್ರೆ ನೋವೂ ಅಷ್ಟಾಗಿ ಗೊತ್ತಾಗಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ‘ಉಣುಗು ಕಚ್ಚಿತ್ತಾ?’ ಅಂತ ಕೇಳಿದ್ರೆ ಎಷ್ಟೋ ಜನ ಇಲ್ಲ ಅಂತಲೇ ಹೇಳ್ತಾರೆ. ಸುಳ್ಳು ಹೇಳ್ತಿಲ್ಲ, ಅವರಿಗೆ ಗೊತ್ತೇ ಆಗಿರಲ್ಲ.

ಇನ್ನೊಂದು ಸಂಗತಿ ಇದೆ. ಒಮ್ಮೆ ವೈರಸ್ ಹೊಕ್ಕ ಉಣುಗು ಪೊರೆ ಕಳಚಿ ಮುಂದಿನ ಹಂತಕ್ಕೆ ಹೋದ್ರೂ ವೈರಸ್ ಅದರೊಳಗೇ ಉಳಿಯುತ್ತೆ. ಮರಿಯಾಗಿದ್ದಾಗ ಇಲಿಯಿಂದಲೋ ಮಂಗದಿಂದಲೋ ಹತ್ತಿದ್ದನ್ನ ತಿಂಗಳುಗಳ ನಂತರ ದರಗು ಗುಡಿಸೋರಿಗೆ ದಾಟಿಸಬಹುದು. ಹಾಗಾಗಿ ‘ನಮ್ಮ ಕಡೆ ಈ ವರ್ಷ ಮಂಗ ಸತ್ತಿಲ್ಲ’ ಅಂತ ನೆಮ್ಮದಿಯಾಗಿ ಕೂರೋ ಹಾಗಿಲ್ಲ.

ಮಂಗ ಸತ್ತ ಜಾಗದ ಕಥೆ

ಮಂಗನೂ ನಮ್ಮ ಹಾಗೇ ಉಣುಗು ಕಚ್ಚಿಸಿಕೊಂಡು ಕಾಯಿಲೆ ಬೀಳೋ ಪ್ರಾಣಿ. ಕೆಂಪು ಮಂಗಕ್ಕೂ ಬರುತ್ತೆ, ಕಪ್ಪು ಮುಖದ ಮುಸಿಯಕ್ಕೂ ಬರುತ್ತೆ. ಮುಸಿಯ ಇನ್ನೂ ಬೇಗ ಸಾಯುತ್ತೆ. ಕಾಯಿಲೆ ಬಿದ್ದ ಮಂಗದ ರಕ್ತದಲ್ಲಿ ವೈರಸ್ ತುಂಬಿರುತ್ತೆ, ಮೈಮೇಲಿನ ಉಣುಗುಗಳೆಲ್ಲ ಅದನ್ನೇ ಹೀರಿರ್ತವೆ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅವು ಅಲ್ಲಿಂದ ಇಳಿದು ಸುತ್ತಲಿನ ದರಗು, ಹುಲ್ಲು ಸೇರ್ತವೆ. ಕಾಡಿನ ಬೇರೆ ಕಡೆ ಚದುರಿರೋ ಅಪಾಯ ಇಲ್ಲಿ ಒಂದೇ ಜಾಗದಲ್ಲಿ ಗುಡ್ಡೆ ಬಿದ್ದಿರುತ್ತೆ. ಆ ಜಾಗಕ್ಕೆ ದನ ಬಿಡೋದು, ಸೌದೆಗೆ ಹೋಗೋದು, ಮಕ್ಕಳು ನೋಡೋಕೆ ಓಡೋದು ಎಲ್ಲವೂ ತಪ್ಪು.

ನಮ್ಮ ಕಡೆ ಮಂಗ ಸತ್ರೆ ಆಂಜನೇಯ ಅಂತ ಭಕ್ತಿಯಿಂದ ಪೂಜೆ ಮಾಡಿ ಹೂಳೋ ಪದ್ಧತಿ ಇದೆ. ಭಕ್ತಿಗೆ ಯಾರೂ ಅಡ್ಡ ಬರಲ್ಲ. ಆದರೆ ಆ ಮೈಯನ್ನ ಬರಿಗೈಯಲ್ಲಿ ಎತ್ತೋದು, ಹತ್ತು ಜನ ಸುತ್ತ ನಿಂತು ಹೊರೋದು ಜೀವಕ್ಕೆ ಅಪಾಯ. ಕೈಮುಗಿಯೋದಾದ್ರೆ ದೂರದಿಂದ ಮುಗಿದು, ಗ್ರಾಮ ಪಂಚಾಯಿತಿಗೋ ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಯವರಿಗೋ ತಿಳಿಸಬೇಕು. ಅವರು ಬಂದು ಪರೀಕ್ಷೆಗೆ ಮಾದರಿ ತೆಗೆದು, ಮೈಯನ್ನ ಸುಟ್ಟು, ಸುತ್ತಲಿನ ಜಾಗಕ್ಕೆ ಮೆಲಾಥಿಯಾನ್ ಪುಡಿ ಹಾಕ್ತಾರೆ. ಕೊಳೆತ ಮಂಗ ಕಂಡ್ರೂ ಹೇಳಬೇಕು. ‘ಹೇಳಿದ್ರೆ ಸುಮ್ನೆ ತಲೆನೋವು, ಊರಿಗೆ ಕೆಟ್ಟ ಹೆಸರು’ ಅಂತ ಮುಚ್ಚಿಟ್ಟರೆ, ಮೊದಲ ಎಚ್ಚರಿಕೆಯನ್ನೇ ಹೂತು ಹಾಕಿದ ಹಾಗೆ. ಮನುಷ್ಯರಿಗೆ ಜ್ವರ ಕಾಣಿಸೋಕೆ ಮುಂಚೆ ಮಂಗ ಸತ್ತ ಸುದ್ದಿ ಬಂದ್ರೆ ಇಲಾಖೆಗೆ ಕೆಲವು ದಿನ ಸಿಗ್ತವೆ. ಆ ಕೆಲವು ದಿನವೇ ದೊಡ್ಡದು.

ದನಗಳ ವಿಚಾರ ಬೇರೆ. ದನಕ್ಕೆ ಈ ಕಾಯಿಲೆ ಬಾಧಿಸಲ್ಲ, ಆದರೆ ಉಣುಗಿನ ಸಂತತಿ ಬೆಳೆಯೋದು ದನದ ರಕ್ತದ ಮೇಲೇ. ಮೇಯೋಕೆ ಹೋದ ದನ ಕಾಡಿನ ಉಣುಗನ್ನ ಕೊಟ್ಟಿಗೆವರೆಗೆ ತರುತ್ತೆ. ಕೊಟ್ಟಿಗೆಗೆ ಹಾಸೋಕೆ ತರೋ ದರಗಿನಲ್ಲೂ ಅದು ಮನೆಗೆ ಬರುತ್ತೆ. ಕಾಡಿನ ಕಡೆ ತಲೆ ಹಾಕದ ಮನೆಯವರಿಗೂ ಕಾಯಿಲೆ ಬರೋದು ಹೀಗೆ.

ಅಂಗಡಿಯವರಿಗೆ ಎರಡು ಮಾತು

ಯಾವುದೋ ಹಳ್ಳಿಯಲ್ಲಿ ಮಂಗನ ಕಾಯಿಲೆ ಅಂತ ಸುದ್ದಿ ಆದ ಕೂಡಲೇ ಆ ಊರಿನವರು ಪೇಟೆಗೆ ಬಂದ್ರೆ ದೂರ ನಿಲ್ಲಿಸೋದು, ಅವರ ಕೈಯಿಂದ ನೋಟು ಮುಟ್ಟೋಕೆ ಹಿಂಜರಿಯೋದು, ಹೋಟೆಲಲ್ಲಿ ಬೇರೆ ಲೋಟ ಕೊಡೋದು ಬೇಡ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ. ಕೆಮ್ಮಿದ್ರೆ ಬರಲ್ಲ, ಜೊತೇಲಿ ಊಟ ಮಾಡಿದ್ರೆ ಬರಲ್ಲ, ಮುಟ್ಟಿದ್ರೆ ಬರಲ್ಲ. ಕೊರೊನಾ ಕಾಲದ ಹೆದರಿಕೆಯನ್ನ ಇದಕ್ಕೆ ತಂದು ಅಂಟಿಸೋದು ಅನ್ಯಾಯ. ಜ್ವರ ಬಂದವರು ಅಂಗಡಿ, ಬಸ್ಸು ಎಲ್ಲ ಕಡೆ ಹೀಗೆ ಅನುಮಾನದ ಕಣ್ಣಿಗೆ ಬೀಳೋದಾದ್ರೆ, ಮುಂದಿನವರು ಜ್ವರವನ್ನೇ ಮುಚ್ಚಿಡ್ತಾರೆ. ಆಗ ನಷ್ಟ ಆಗೋದು ಜೀವ.

ಎರಡನೇ ಮಾತು ಮೆಡಿಕಲ್ ಶಾಪ್‌ನವರಿಗೆ, ಗುಳಿಗೆ ಇಟ್ಟುಕೊಂಡಿರೋ ಕಿರಾಣಿ ಅಂಗಡಿಯವರಿಗೂ. ಡಿಸೆಂಬರ್‌ನಿಂದ ಮೇ ಒಳಗೆ ಕಾಡಂಚಿನ ಊರಿನವರು ಜ್ವರ, ಮೈಕೈ ನೋವಿಗೆ ಮಾತ್ರೆ ಕೇಳಿದ್ರೆ ‘ಕಾಡಿಗೆ ಹೋಗಿದ್ರಾ? ಹತ್ತಿರ ಎಲ್ಲಾದ್ರೂ ಮಂಗ ಸತ್ತಿತ್ತಾ?’ ಅಂತ ಕೇಳಿ ಆಸ್ಪತ್ರೆಗೆ ಕಳಿಸಿ. ನೋವಿಗೆ ಅಂತ ಆಸ್ಪಿರಿನ್, ಬ್ರೂಫೆನ್ ಥರದ ಗುಳಿಗೆ ಕೊಡಬೇಡಿ. ರಕ್ತಸ್ರಾವ ಆಗಬಹುದಾದ ಜ್ವರದಲ್ಲಿ ಅವು ಪರಿಸ್ಥಿತಿಯನ್ನ ಇನ್ನೂ ಹದಗೆಡಿಸಬಹುದು.

ಲಕ್ಷಣ, ಮತ್ತೆ ಆ ಮೋಸದ ನಡುವಿನ ವಾರ

ಉಣುಗು ಕಚ್ಚಿ ಸಾಮಾನ್ಯವಾಗಿ 3ರಿಂದ 8 ದಿನಕ್ಕೆ ಜ್ವರ ಶುರು. ನಿಧಾನಕ್ಕೆ ಏರೋ ಜ್ವರ ಅಲ್ಲ ಇದು, ಇದ್ದಕ್ಕಿದ್ದ ಹಾಗೆ ಚಳಿ ಬಂದು ಮೈ ಕಾಯುತ್ತೆ. ಹಣೆ ಒಡೆದು ಹೋಗೋ ಥರ ತಲೆನೋವು, ಸೊಂಟ, ಕಾಲು ಮುರಿದ ಹಾಗೆ ನೋವು, ಕಣ್ಣು ಕೆಂಪು, ವಾಂತಿ, ಭೇದಿ, ಏಳೋಕಾಗದ ಸುಸ್ತು. ಕೆಲವರಿಗೆ ಒಸಡು, ಮೂಗಿನಿಂದ ರಕ್ತ ಬರುತ್ತೆ, ಮಲ ಕಪ್ಪಾಗುತ್ತೆ. ಇಷ್ಟಾದ್ರೆ ಮನೆಯಲ್ಲಿ ಕಾಯೋ ಮಾತೇ ಇಲ್ಲ, ಕೂಡಲೇ ದೊಡ್ಡ ಆಸ್ಪತ್ರೆ ಸೇರಬೇಕು.

ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ತಾರೆ. ಆದರೆ 100ರಲ್ಲಿ 10ರಿಂದ 20 ಜನರಿಗೆ ಜ್ವರ ಪೂರ್ತಿ ಬಿಟ್ಟು, ಒಂದೆರಡು ವಾರ ಚೆನ್ನಾಗಿದ್ದು, ಮತ್ತೆ ವಾಪಸ್ ಬರುತ್ತೆ. ಈ ಸಲ ಅದು ತಲೆಗೆ ಏರುತ್ತೆ. ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈಕಾಲು ನಡುಕ, ಮಾತಲ್ಲಿ ತೊದಲು, ಯಾರು ಏನು ಅಂತ ಗುರುತು ಸಿಗದ ಗೊಂದಲ. ಜ್ವರ ಬಿಟ್ಟಿತು ಅಂತ ಮೂರನೇ ದಿನಕ್ಕೇ ಕೊನೆಗೌಡನ ಜೊತೆ ತೋಟಕ್ಕೆ ಹೊರಡೋರು ಈ ವಿಷಯ ತಿಳ್ಕೊಂಡಿರಬೇಕು. ಸಾವಿನ ಪ್ರಮಾಣ 100ಕ್ಕೆ 3ರಿಂದ 5 ಅಂತ ಹೇಳಲಾಗುತ್ತೆ. ಕೇಳೋಕೆ ಕಡಿಮೆ ಅನ್ನಿಸಬಹುದು, ಆದರೆ ಕಾಯಿಲೆ ಬೀಳೋರಲ್ಲಿ ಹೆಚ್ಚಿನವರು ಮನೆಗೆ ದುಡಿದು ತರೋರು.

ಇದಕ್ಕೇ ಅಂತ ಔಷಧಿ ಇಲ್ಲ. ದ್ರವ ಕೊಡೋದು, ಜ್ವರ ಇಳಿಸೋದು, ರಕ್ತದೊತ್ತಡ, ಪ್ಲೇಟ್‌ಲೆಟ್ ನೋಡಿಕೊಳ್ಳೋದು, ಬೇಕಾದ್ರೆ ರಕ್ತ ಕೊಡೋದು. ಇಷ್ಟೇ ಚಿಕಿತ್ಸೆ. ಆದರೆ ಇದು ಸರಿಯಾದ ಹೊತ್ತಿಗೆ ಸಿಕ್ಕವರು ಉಳಿಯೋದು ಹೆಚ್ಚು. ರಕ್ತದ ಮಾದರಿಯನ್ನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೆಗೆದು ಪರೀಕ್ಷೆಗೆ ಕಳಿಸ್ತಾರೆ. ಈ ಕಾಯಿಲೆಗೆ ಅಂತಲೇ ಶಿವಮೊಗ್ಗದಲ್ಲಿ ವೈರಸ್ ಪತ್ತೆ ಪ್ರಯೋಗಾಲಯ ಇದೆ. ಮೊದಲ ದಿನಗಳಲ್ಲೇ ರಕ್ತ ಕೊಟ್ರೆ ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ ನೇರವಾಗಿ ಸಿಗುತ್ತೆ.

ಕಾಡಿಗೆ ಹೋಗಲೇಬೇಕು, ಹಾಗಾದ್ರೆ?

‘ಕಾಡಿಗೆ ಹೋಗಬೇಡಿ’ ಅಂತ ಬೋರ್ಡ್ ಹಾಕೋದು ಸುಲಭ. ಸೌದೆ, ಸೊಪ್ಪು, ಮುರುಗಲು, ಸೀಗೆಕಾಯಿ, ದನದ ಮೇವು ಎಲ್ಲ ಅಲ್ಲೇ ಇರುವಾಗ ಆ ಮಾತು ನಡೆಯಲ್ಲ. ಹೋಗೋರು ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ, ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸಬೇಕು. ಗಂಬೂಟ್ ಇದ್ರೆ ಒಳ್ಳೇದು. ಹೊರಡೋ ಮುಂಚೆ ಕೈಕಾಲು, ಕುತ್ತಿಗೆಗೆ ಡೇಪಾ ತೈಲ ಹಚ್ಚಬೇಕು. ಮೊದಲು ಕೊಡ್ತಿದ್ದ ಡಿಎಂಪಿ ತೈಲದ ಬದಲು ಈಗ ಬರ್ತಿರೋದು ಇದೇ. ಕೆಲವೇ ಗಂಟೆ ಕೆಲಸ ಮಾಡುತ್ತೆ, ಬೆವರಿದ್ರೆ ಮತ್ತೆ ಹಚ್ಚಬೇಕು. ಮನೆಯಲ್ಲಿ ಬಾಟಲಿ ಇದ್ದೂ ‘ವಾಸನೆ’ ಅಂತ ಕಪಾಟಿನಲ್ಲಿಡೋರು ಬಹಳ ಜನ.

ವಾಪಸ್ ಬಂದವರು ಬಟ್ಟೆಯನ್ನ ಹೊರಗೇ ಬಿಚ್ಚಿ ಬಿಸಿನೀರಲ್ಲಿ ನೆನೆಸಿ, ಹಂಡೆಯ ಬಿಸಿನೀರು, ಸೋಪು ಹಾಕಿ ತಿಕ್ಕಿ ಸ್ನಾನ ಮಾಡಬೇಕು. ಕಂಕುಳ, ತೊಡೆಸಂದಿ, ಕಿವಿ ಹಿಂದೆ, ಮಂಡಿ ಹಿಂದೆ ನೋಡಿಕೊಳ್ಳಬೇಕು. ಉಣುಗು ಕಚ್ಚಿಕೊಂಡಿದ್ರೆ ಚಿಮಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೀರಿ. ಉಗುರಲ್ಲಿ ಹಿಸುಕೋದು, ಸೀಮೆಎಣ್ಣೆ ಹಾಕೋದು, ಬೀಡಿ ತಾಗಿಸೋದು ಬೇಡ. ದನದ ಮೈಗೆ ಉಣುಗು ನಾಶಕ ಹಚ್ಚೋ ಬಗ್ಗೆ ಪಶು ಆಸ್ಪತ್ರೆಯಲ್ಲಿ ಕೇಳಬಹುದು.

ಲಸಿಕೆ ಕಥೆ ಏನಾಯ್ತು?

ಹಿಂದೆ ಲಸಿಕೆ ಇತ್ತು, ಕಾಡಂಚಿನ ಊರುಗಳಲ್ಲಿ ಕ್ಯಾಂಪ್ ಮಾಡಿ ಹಾಕ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್. ಚುಚ್ಚಿದ ಜಾಗ ಊದಿ ನೋಯ್ತಿತ್ತು ಅಂತ ಎಷ್ಟೋ ಜನ ಎರಡನೇ ಡೋಸ್‌ಗೆ ಬರಲೇ ಇಲ್ಲ. 2005ರಿಂದ 2010ರ ಪ್ರಕರಣಗಳನ್ನ ಲೆಕ್ಕ ಹಾಕಿದ ಅಧ್ಯಯನದಲ್ಲಿ ಎರಡು ಡೋಸ್‌ಗೆ ಸುಮಾರು 62 ಶೇಕಡಾ, ಬೂಸ್ಟರ್ ಸೇರಿದ್ರೆ ಸುಮಾರು 83 ಶೇಕಡಾ ರಕ್ಷಣೆ ಅಂತ ಬಂತು. 2018ರ ಡಿಸೆಂಬರ್‌ನಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಎದ್ದು ಜೀವಗಳು ಹೋದಾಗ ಇದೇ ಲಸಿಕೆಗೆ ಜನ ಸಾಲು ನಿಂತಿದ್ದರು. ಅದರ ಸತ್ವ ಸಾಕಾಗ್ತಿಲ್ಲ ಅಂತ 2022ರ ಹೊತ್ತಿಗೆ ನಿಲ್ಲಿಸಲಾಯ್ತು. ಐಸಿಎಂಆರ್ ಮತ್ತು ಹೈದರಾಬಾದ್‌ನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆ ತಯಾರಿಕೆಯಲ್ಲಿ ತೊಡಗಿವೆ.

ಅಷ್ಟರಲ್ಲಿ ಕಾಯಿಲೆ ಮಾತ್ರ ಸೊರಬ, ಸಾಗರದ ಗಡಿಯಲ್ಲಿ ನಿಂತಿಲ್ಲ. 1982ರ ಕೊನೆಗೆ ಬೆಳ್ತಂಗಡಿ ತಾಲೂಕಿನ ನಿಡ್ಲೆಯಲ್ಲಿ, ಗೇರು ತೋಟಕ್ಕೆ ಅಂತ ಕಾಡು ಕಡಿದ ಕಡೆ ಕಾಣಿಸಿಕೊಂಡಿತು. 2012ರಲ್ಲಿ ಬಂಡೀಪುರದ ಸುತ್ತ, 2013ರಲ್ಲಿ ಕೇರಳದ ವಯನಾಡು, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಕಾಡು, ತೋಟ, ಕೊಟ್ಟಿಗೆ ಒಂದರೊಳಗೊಂದು ಬೆರೆತಿರೋ ಜಾಗಗಳೇ ಇವೆಲ್ಲ.

ಡೇಪಾ ತೈಲ ಕಾಡಂಚಿನ ಊರುಗಳ ಮನೆಗಳಿಗೆ ಆರೋಗ್ಯ ಇಲಾಖೆಯಿಂದ ಉಚಿತ. ಅಂಗಡಿಯಲ್ಲಿ ಹುಡುಕೋದು ಬೇಡ, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ. ತೋಟದ ಕೆಲಸಕ್ಕೆ ಹೊರಗಿನಿಂದ ಆಳು ಕರೆಸಿರೋರು ಅವರ ಪಾಲಿನ ಬಾಟಲಿಯನ್ನೂ ಸೇರಿಸಿ ಕೇಳಿ. ಉಣುಗಿನ ವಿಚಾರ ಅವರಿಗೆ ಹೇಳೋರು ಬೇರೆ ಯಾರೂ ಇರಲ್ಲ.