ಇದ್ದಿಲು, ಹೊಂಗೆ, ವಿದ್ಯುತ್ತು



2023ರಲ್ಲೊಂದು ದಿನ ಹಾಸನದ ಬಸ್ ನಿಲ್ದಾಣದಲ್ಲಿ ಹೊಳೆನರಸೀಪುರದ ಗಾಡಿಗಾಗಿ ಕಾಯುತ್ತ ಕುಳಿತಿದ್ದೆ. ಚಿಕ್ಕಮಗಳೂರಿನ ಫಲಕ ಹೊತ್ತ ವಿದ್ಯುತ್ ಬಸ್ಸೊಂದು ಸದ್ದಿಲ್ಲದೆ ಬಂದು ನಿಂತಿತು. ಹೊಗೆಯಿಲ್ಲ, ಎಂಜಿನ್ನಿನ ನಡುಕವಿಲ್ಲ. ನಾನು ಬೆರಗಿನಿಂದ ನೋಡುತ್ತಿರುವಾಗ ಖಾಕಿ ಅಂಗಿಯ ಯುವಕನೊಬ್ಬ ಬಂದು ಕಾಲಿಗೆ ನಮಸ್ಕರಿಸಿದ. ನನ್ನ ಹಳೆಯ ವಿದ್ಯಾರ್ಥಿ. ಈಗ ಡಿಪೋ ಒಂದರಲ್ಲಿ ಮೆಕ್ಯಾನಿಕ್. ಕುಶಲ ವಿಚಾರಿಸಿದ ಮೇಲೆ ನಗುತ್ತ ಕೇಳಿದ: “ಸಾರ್, ಕರೆಂಟಿನ ಬಸ್ಸು ಬಂದೇಬಿಡ್ತು. ನೀವು ಹೇಳಿದ್ದ ಹೊಂಗೆ ಎಣ್ಣೆ ಬಸ್ಸು ಎಲ್ಲಿ ಹೋಯ್ತು?”

ಆ ಪ್ರಶ್ನೆಗೆ ಅಂದು ನಾನೂ ನಕ್ಕು ಸುಮ್ಮನಾದೆ. ಆದರೆ ಅದು ಮನಸ್ಸಿನಿಂದ ಹೋಗಲಿಲ್ಲ. ಮಕ್ಕಳಿಗೆ ಮೇಷ್ಟ್ರು ಕೊಟ್ಟ ಮಾತು ಸಾಲವಿದ್ದಂತೆ. ಆ ಸಾಲದ ಲೆಕ್ಕವನ್ನು ಇಂದು ಒಪ್ಪಿಸಬೇಕೆಂದಿದ್ದೇನೆ. ಅದಕ್ಕಾಗಿ ನಮ್ಮ ಸೀಮೆಯ ಬಸ್ಸುಗಳ ಇಂಧನದ ಇತಿಹಾಸವನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕಾಗುತ್ತದೆ.

ನಮ್ಮ ತಂದೆಯವರು ಬಾಲ್ಯದಲ್ಲಿ ಕಂಡ ‘ಇದ್ದಿಲು ಬಸ್ಸಿ’ನ ಕಥೆಯನ್ನು ಎಷ್ಟೋ ಸಲ ಹೇಳುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸೇನೆಗೆ ಮೀಸಲಾಯಿತು, ಜನಸಾಮಾನ್ಯರಿಗೆ ಪಡಿತರವಾಯಿತು. 1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಎಣ್ಣೆಯೂ ನಿಂತಿತು. ಆಗ ದೇಶದ ಎಲ್ಲೆಡೆಯಂತೆ ಮೈಸೂರು ಸಂಸ್ಥಾನದಲ್ಲಿಯೂ ಬಸ್ಸುಗಳ ಬೆನ್ನಿಗೆ ಕಬ್ಬಿಣದ ದೊಡ್ಡ ಉರುಳೆಯೊಂದನ್ನು ಕಟ್ಟಿ ಅದರಲ್ಲಿ ಇದ್ದಿಲು ಉರಿಸುವ ಏರ್ಪಾಡು ಬಂದಿತು. ಹೊರಡುವ ಮುನ್ನ ಕ್ಲೀನರ್ ಹುಡುಗ ಅರ್ಧ ಗಂಟೆಯ ಹೊತ್ತು ಗಾಳಿಯ ಚಕ್ರವನ್ನು ತಿರುಗಿಸಿ ಕೆಂಡ ಮಾಡಬೇಕಾಗಿತ್ತು. ದಿಬ್ಬ ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರಂತೆ. ಊರು ತಲುಪುವ ಹೊತ್ತಿಗೆ ಹಿಂದಿನ ಸೀಟಿನವರ ಬಿಳಿಯ ಪಂಚೆ ಬೂದಿಬಣ್ಣಕ್ಕೆ ತಿರುಗಿರುತ್ತಿತ್ತು ಎಂದು ಅವರು ನಗುತ್ತಿದ್ದರು.

ಇದರ ವಿಜ್ಞಾನವನ್ನು ನೀವು ತರಗತಿಯಲ್ಲಿ ಓದಿದ್ದೀರಿ. ಇದ್ದಿಲನ್ನು ಸಾಲದಷ್ಟು ಗಾಳಿಯಲ್ಲಿ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಅದು ಉರಿಯುವ ಅನಿಲ. ಅದನ್ನು ಸೋಸಿ, ತಂಪಾಗಿಸಿ ಎಂಜಿನ್ನಿಗೆ ಹಾಯಿಸುತ್ತಿದ್ದರು. ಗಾಳಿಯಲ್ಲಿರುವ ನೈಟ್ರೋಜನ್ ಕೂಡ ಅದರೊಂದಿಗೇ ಬರುವುದರಿಂದ ಎಂಜಿನ್ನಿನ ಬಲ ಮೂರನೆಯ ಒಂದು ಪಾಲಿನಷ್ಟಾದರೂ ಕುಗ್ಗುತ್ತಿತ್ತು. ಯುದ್ಧ ಮುಗಿದು ಪೆಟ್ರೋಲು ಮರಳಿ ಸಿಕ್ಕಿತೋ ಇಲ್ಲವೋ, ಆ ಉರುಳೆಗಳು ಗುಜರಿ ಸೇರಿದವು. ಅಭಾವದಿಂದ ಬಂದದ್ದು ಅಭಾವದೊಂದಿಗೇ ಹೋಯಿತು.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಮುಂದೆ ರಾಜ್ಯದ ಹೆಸರು ಬದಲಾದಾಗ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವೆನಿಸಿತು. ಕ್ರಮೇಣ ಬಸ್ಸುಗಳೆಲ್ಲ ಡೀಸೆಲ್ಲಿನವೇ ಆದವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಡಿಪೋಗಳಲ್ಲಿ ಡೀಸೆಲ್ ಟ್ಯಾಂಕು, ಪಂಪು, ಡೀಸೆಲ್ ಎಂಜಿನ್ನು ಬಲ್ಲ ಕೆಲಸಗಾರರು ನೆಲೆಯೂರಿದರು. ಹಾಸನದಲ್ಲಿ ನಿಗಮದ ಪ್ರಾದೇಶಿಕ ಕಾರ್ಯಾಗಾರವೂ ಬಂದಿತು. ನಮ್ಮ ಹಳ್ಳಿಗಳ ಎಷ್ಟೋ ಹುಡುಗರು ಐ.ಟಿ.ಐ. ಓದಿ ಅಲ್ಲಿ ಅನ್ನ ಕಂಡುಕೊಂಡರು. ಇಂಧನವೆಂದರೆ ಟ್ಯಾಂಕಿಗೆ ಸುರಿಯುವ ದ್ರವ ಮಾತ್ರವಲ್ಲ. ಅದರ ಹಿಂದೆ ನಿಂತಿರುವ ಮನುಷ್ಯರ ಸಾಲೂ ಹೌದು ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಇನ್ನು ಹೊಂಗೆಯ ವಿಚಾರ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಸಣ್ಣದೊಂದು ಡೀಸೆಲ್ ಎಂಜಿನ್ನು ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಅಂದರೆ ಗಿಡದ ಎಣ್ಣೆಯ ಯೋಚನೆ ಡೀಸೆಲ್ ಎಂಜಿನ್ನಿನಷ್ಟೇ ಹಳೆಯದು. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ನಡೆಸಬಹುದೆಂದು ಹಳ್ಳಿಯಲ್ಲಿಯೇ ಮಾಡಿ ತೋರಿಸಿದ್ದರು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಸಮೀಪದ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕನ್ನು ಸ್ಥಾಪಿಸಿತು. ಉಳುವ ಹೊಲವನ್ನು ಮುಟ್ಟದೆ ಬದು, ಬೇಲಿ, ಬಂಜರಿನಲ್ಲಿ ಹೊಂಗೆ, ಹಿಪ್ಪೆ, ಬೇವು, ಸಿಮರೂಬ ಮುಂತಾದ ಮರಗಳನ್ನು ಬೆರೆಸಿ ಬೆಳೆಸಬೇಕು. ರೈತರು ಹಳ್ಳಿಯಲ್ಲೇ ಸಂಘ ಕಟ್ಟಿಕೊಂಡು ಬೀಜ ಸಂಗ್ರಹಿಸಬೇಕು ಎಂಬುದು ಅಲ್ಲಿನ ವಿಜ್ಞಾನಿಗಳ ವಿವೇಕದ ಮಾತು. 2009ರಲ್ಲಿ ರಾಜ್ಯಕ್ಕೊಂದು ಜೈವಿಕ ಇಂಧನ ನೀತಿ ಬಂದಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಯೋಜನೆಗಳ ಹೆಸರು ಊರೂರಿನಲ್ಲಿ ಕೇಳಿಬಂದಿತು. ಅದೇ ವರ್ಷದ ರಾಷ್ಟ್ರೀಯ ನೀತಿಯಂತೂ 2017ರ ಹೊತ್ತಿಗೆ ಶೇ. 20ರಷ್ಟು ಜೈವಿಕ ಇಂಧನ ಬೆರೆಸುವ ಗುರಿ ಇಟ್ಟುಕೊಂಡಿತು.

ಸಾರಿಗೆ ನಿಗಮವೂ ಸುಮ್ಮನಿರಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿಯೇ ಅದು ಡೀಸೆಲ್ಲಿಗೆ ಶೇ. 7.7ರಷ್ಟು ಎಥನಾಲ್ ಬೆರೆಸಿ ಬಸ್ಸು ಓಡಿಸಿ ನೋಡಿತ್ತು. ಎಥನಾಲ್ ಕಬ್ಬಿನ ಕಾಕಂಬಿಯಿಂದ ಬರುವಂಥದು. ಡೀಸೆಲ್ಲಿನೊಡನೆ ಅದು ತಾನಾಗಿ ಸರಿಯಾಗಿ ಬೆರೆಯುವುದಿಲ್ಲ. ತುಸು ನೀರು ಸೇರಿದರೂ ಬೇರ್ಪಡುತ್ತದೆ. ಆದುದರಿಂದ ಬೆರಕೆ ನಿಲ್ಲಿಸುವ ಇನ್ನೊಂದು ರಾಸಾಯನಿಕವನ್ನು ಸೇರಿಸಬೇಕು. ಬಳಿಕ ಬಯೋಡೀಸೆಲ್ ಪ್ರಯೋಗಗಳೂ ನಡೆದವು. ಗಿಡದ ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಸೋಡ ಸೇರಿಸಿ ಕಾಸಿದರೆ ಗ್ಲಿಸರಿನ್ ತಳಕ್ಕಿಳಿದು ಮೇಲೆ ತೆಳುವಾದ ಬಯೋಡೀಸೆಲ್ ಉಳಿಯುತ್ತದೆ. ಎಂಜಿನ್ನಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ.

ಇದನ್ನೆಲ್ಲ ಪತ್ರಿಕೆಯಲ್ಲಿ ಓದಿ ನಾನು ಉತ್ಸಾಹಗೊಂಡೆ. ನಿಮ್ಮಲ್ಲಿ 2010ರ ಆಸುಪಾಸಿನ ತಂಡದವರಿಗೆ ನೆನಪಿರಬಹುದು: ಶಾಲೆಯ ಬೇಲಿಯುದ್ದಕ್ಕೂ ಹೊಂಗೆ ನೆಟ್ಟೆವು. ಬೆಳೆದ ಮರಗಳ ಕೆಳಗೆ ಬಿದ್ದ ಕಾಯಿಯನ್ನು ಆಯ್ದು, ಸುಲಿದು, ಬೀಜ ತರಲು ನಿಮಗೆ ಹೇಳಿದೆ. “ನೀವು ಆರಿಸಿದ ಬೀಜದ ಎಣ್ಣೆಯಿಂದಲೇ ನಾಳೆ ನಿಮ್ಮ ಬಸ್ಸು ಓಡುತ್ತದೆ” ಎಂದು ಪ್ರಾರ್ಥನೆಯ ವೇಳೆಯಲ್ಲಿ ಭಾಷಣ ಮಾಡಿದೆ. ನೀವು ಅಜ್ಜಿಯರನ್ನೂ ಕೆಲಸಕ್ಕೆ ಹಚ್ಚಿದಿರಿ. ಒಂದು ಬೇಸಿಗೆಯಲ್ಲಿ ಸುಮಾರು ಒಂದೂವರೆ ಕ್ವಿಂಟಾಲ್ ಬೀಜ ಪ್ರಯೋಗಾಲಯದ ಮೂಲೆಯಲ್ಲಿ ಗೋಣಿಚೀಲಗಳಲ್ಲಿ ಸೇರಿತು.

ಆಮೇಲೆ ನಡೆದದ್ದು ಕೆಲವರಿಗಷ್ಟೇ ಗೊತ್ತು. ಬೀಜ ಕೊಳ್ಳುತ್ತೇವೆಂದು ಹೇಳಿಹೋದವರು ಮತ್ತೆ ಬರಲಿಲ್ಲ. ನಾನೂ ಪರೀಕ್ಷೆಯ ಗಡಿಬಿಡಿಯಲ್ಲಿ ಬೆನ್ನು ಹತ್ತಲಿಲ್ಲ. ಮಳೆಗಾಲಕ್ಕೆ ಚೀಲಗಳಿಗೆ ಹುಳು ಬಿತ್ತು. ಉಳಿದದ್ದನ್ನು ಪೇಟೆಯ ಎಣ್ಣೆ ಗಾಣದವರಿಗೆ ಕೊಟ್ಟು, ಬಂದ ಅಲ್ಪ ಹಣದಲ್ಲಿ ಚೆಂಡು, ಹಗ್ಗ ಕೊಂಡೆ. ನಿಮಗೆ ನಿಜ ಹೇಳುವ ಧೈರ್ಯ ಬರಲಿಲ್ಲ. “ಬೀಜ ಕಳಿಸಿದ್ದಾಯಿತು” ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲದಿದ್ದರೂ ನಿಜವೂ ಆಗಿರಲಿಲ್ಲ. ಇಷ್ಟು ವರ್ಷಗಳ ನಂತರ ಕ್ಷಮೆ ಕೇಳುತ್ತಿದ್ದೇನೆ.

ಆದರೆ ಬೀಜ ಕೊಳ್ಳುವವರು ಬಂದಿದ್ದರೂ ನನ್ನ ಮಾತು ನಿಲ್ಲುತ್ತಿತ್ತೇ? ಅಂದು ಕಪ್ಪು ಹಲಗೆಯ ಮೇಲೆ ಮಾಡಿಸಬೇಕಾಗಿದ್ದ ಲೆಕ್ಕವನ್ನು ಈಗ ಮಾಡೋಣ. ಒಂದು ಲೀಟರ್ ಎಣ್ಣೆಗೆ ಸುಮಾರು 4 ಕಿ.ಗ್ರಾಂ. ಹೊಂಗೆ ಬೀಜ ಬೇಕು. ಬಸ್ಸು ಲೀಟರಿಗೆ ಸುಮಾರು 5 ಕಿ.ಮೀ. ಓಡುತ್ತದೆ. ನಮ್ಮ 150 ಕಿ.ಗ್ರಾಂ. ಬೀಜದಿಂದ 37 ಲೀಟರ್ ಎಣ್ಣೆ. ಅದನ್ನು ಶೇ. 20ರಂತೆ ಬೆರೆಸಿದರೆ 185 ಲೀಟರ್ ಇಂಧನ. ಅದರಲ್ಲಿ ಓಡುವ ದೂರ ಸುಮಾರು 925 ಕಿ.ಮೀ. ಹಾಸನದಿಂದ ಅರಕಲಗೂಡಿಗೆ 30 ಕಿ.ಮೀ. ಎಂದುಕೊಂಡರೆ ಹದಿನೈದು ಸಲ ಹೋಗಿಬರಬಹುದು. ದಿನಕ್ಕೆ 300 ಕಿ.ಮೀ. ಓಡುವ ಒಂದೇ ಒಂದು ಬಸ್ಸಿಗೆ ಮೂರು ದಿನ! ಇಡೀ ಹೈಸ್ಕೂಲಿನ ಮಕ್ಕಳೂ ಅವರ ಅಜ್ಜಿಯರೂ ಒಂದು ಬೇಸಿಗೆ ದುಡಿದದ್ದು ಇಷ್ಟಕ್ಕೆ. ನೂರು ಬಸ್ಸುಗಳ ಡಿಪೋ ಒಂದನ್ನು ಊಹಿಸಿಕೊಳ್ಳಿ: ಅದಕ್ಕೆ ದಿನಂಪ್ರತಿ 4,800 ಕಿ.ಗ್ರಾಂ. ಬೀಜ ಬೇಕಾಗುತ್ತದೆ.

ಮರದಲ್ಲಿ ಬೀಜ ಇರುವುದು ಬೇರೆ, ಆಯ್ದು ಸುಲಿದ ಬೀಜ ಕೈಗೆ ಬರುವುದು ಬೇರೆ. ಹೊಂಗೆ ಕಾಯಿ ಬಲಿತು ಉದುರುವುದು ಬೇಸಿಗೆಯಲ್ಲಿ. ಬೇರೆ ಕೂಲಿ ಸಿಕ್ಕರೆ ಯಾವ ತಾಯಿಯೂ ಬೆನ್ನು ಬಗ್ಗಿಸಿ ಕಾಯಿ ಆಯುವುದಿಲ್ಲ. ಕೊಳ್ಳುವವರು ಬೆಲೆ ಏರಿಸಿದರೆ ಎಣ್ಣೆ ಡೀಸೆಲ್ಲಿಗಿಂತ ದುಬಾರಿ. ಮೇಲಾಗಿ 2014ರ ಬಳಿಕ ಕಚ್ಚಾತೈಲದ ಬೆಲೆ ಕುಸಿದು 2016ರ ಆರಂಭದಲ್ಲಿ ಬ್ಯಾರೆಲ್ಲಿಗೆ 30 ಡಾಲರಿಗಿಂತಲೂ ಕೆಳಗಿಳಿಯಿತು. 2017 ಬಂದಾಗ ದೇಶದ ಡೀಸೆಲ್ಲಿನಲ್ಲಿ ಬಯೋಡೀಸೆಲ್ ಪಾಲು ಶೇ. 1ನ್ನೂ ಮುಟ್ಟಿರಲಿಲ್ಲ. 2018ರ ಹೊಸ ನೀತಿ ಬಯೋಡೀಸೆಲ್ ಗುರಿಯನ್ನು ಶೇ. 5ಕ್ಕೆ ಇಳಿಸಿ 2030ಕ್ಕೆ ಮುಂದೂಡಿತು. ಹಳ್ಳಿಯ ಪಂಪಿಗೆ, ದೀಪಕ್ಕೆ, ಹಿಂಡಿ ಗೊಬ್ಬರಕ್ಕೆ ಯೋಗ್ಯವಾಗಿದ್ದ ಹೊಂಗೆಯ ಹೆಗಲಿಗೆ ಇಡೀ ನಿಗಮದ ಗಾಡಿಗಳನ್ನು ಹೊರಿಸಲು ಹೋದದ್ದು ನನ್ನಂಥವರ ತಪ್ಪು, ಮರದ ತಪ್ಪಲ್ಲ.

ಈಗ ವಿದ್ಯುತ್ತಿನ ಸರದಿ. 2014ರ ಫೆಬ್ರವರಿಯಲ್ಲಿ ಬೆಂಗಳೂರಿನ ಮಹಾನಗರ ಸಾರಿಗೆ ಸಂಸ್ಥೆ ವಿದ್ಯುತ್ ಬಸ್ಸೊಂದನ್ನು ಪ್ರಾಯೋಗಿಕವಾಗಿ ಓಡಿಸಿತು. ನಮ್ಮ ನಿಗಮದ ‘ಇ.ವಿ. ಪವರ್ ಪ್ಲಸ್’ ಬಸ್ಸುಗಳು 2023ರಲ್ಲಿ ಬೆಂಗಳೂರಿನಿಂದ ಮೈಸೂರು, ಮಡಿಕೇರಿ, ಚಿಕ್ಕಮಗಳೂರು ಮುಂತಾದ ಊರುಗಳಿಗೆ ಹೊರಟವು. ಡೀಸೆಲ್ ಎಂಜಿನ್ನು ಇಂಧನದ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಬಿಸಿಯಾಗಿ ಕಳೆದುಬಿಡುತ್ತದೆ; ವಿದ್ಯುತ್ ಮೋಟಾರು ಬಹುಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಇದು ಇದ್ದಿಲಿನಂತೆ ಅಭಾವದ ಕೂಸಲ್ಲ, ಹೊಂಗೆಯಂತೆ ಕಾಯಿ ಆಯುವವರನ್ನು ಕಾಯುವಂಥದೂ ಅಲ್ಲ. ಆದ್ದರಿಂದ ಇದು ನಿಲ್ಲುತ್ತದೆಂದು ನನಗೆ ನಂಬಿಕೆ.

ಆದರೂ ಈ ಸಲ ಲೆಕ್ಕ ಬಿಡುವುದಿಲ್ಲ. ದೊಡ್ಡ ಬಸ್ಸಿಗೆ ಕಿ.ಮೀ.ಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ ಬೇಕು. ದಿನಕ್ಕೆ 300 ಕಿ.ಮೀ. ಎಂದರೆ 300ರಿಂದ 400 ಯೂನಿಟ್. ನಮ್ಮ ಮನೆಗೆ ನಾಲ್ಕೈದು ತಿಂಗಳಿಗೆ ಸಾಲುವಷ್ಟು. ನೂರು ಬಸ್ಸು ರಾತ್ರಿ ಒಟ್ಟಿಗೆ ಚಾರ್ಜಿಗೆ ನಿಂತರೆ ಡಿಪೋಗೆ ಪ್ರತ್ಯೇಕ ವಿದ್ಯುತ್ ಲೈನು, ಟ್ರಾನ್ಸ್‌ಫಾರ್ಮರು ಬೇಕು. ಹಗಲಿನಲ್ಲಿ ಪಾವಗಡದ ಬಿಸಿಲು ಕೊಡುವ ವಿದ್ಯುತ್ತು ರಾತ್ರಿ ಇರುವುದಿಲ್ಲ. ಆಗ ಶರಾವತಿಯ ನೀರು ಅಥವಾ ರಾಯಚೂರಿನ ಕಲ್ಲಿದ್ದಲು ಉರಿಯಬೇಕು. ನಮ್ಮ ತಂದೆಯವರ ಕಾಲದಲ್ಲಿ ಬಸ್ಸಿನ ಬೆನ್ನಿನ ಮೇಲಿದ್ದ ಉರುಳೆ ಒಂದಿಷ್ಟು ರಾಯಚೂರಿನಲ್ಲಿ ಕುಳಿತಿದೆ ಎಂದುಕೊಳ್ಳಿ.

ಇನ್ನೊಂದು ವಿಷಯವನ್ನು ನನ್ನ ಮೆಕ್ಯಾನಿಕ್ ಶಿಷ್ಯನೇ ಅಂದು ಹೇಳಿದ. “ಸಾರ್, ಆ ಬಸ್ಸು ನಿಗಮದ್ದಲ್ಲ. ಕಿಲೋಮೀಟರಿಗೆ ಇಷ್ಟು ಅಂತ ಕಂಪನಿಯವರಿಗೆ ಕೊಡ್ತಾರೆ. ಡ್ರೈವರೂ ಅವರ ಕಡೆಯವರೇ. ಕಂಡಕ್ಟರ್ ಮಾತ್ರ ನಮ್ಮವರು. ಅದನ್ನ ನಾವು ಮುಟ್ಟೋ ಹಾಗೇ ಇಲ್ಲ.” ಒಂದು ಕ್ಷಣ ಸುಮ್ಮನಿದ್ದು, “ಎಂಜಿನ್ನೇ ಇಲ್ಲದ ಮೇಲೆ ನಮ್ಮ ಕೈಕೆಲಸ ಏನಾಗುತ್ತೋ” ಎಂದ. ಹೊಸ ಇಂಧನ ಬಂದಾಗ ಹೊಗೆ ಎಷ್ಟು ಕಡಿಮೆಯಾಯಿತೆಂದು ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹೊಂಗೆಯಲ್ಲಿ ಬೀಜ ಆಯುವ ಕೈಯನ್ನು ಮರೆತೆವು. ವಿದ್ಯುತ್ತಿನಲ್ಲಿ ಸ್ಪ್ಯಾನರ್ ಹಿಡಿದ ಕೈಯನ್ನು ಮರೆಯಬಾರದು. ಹಾಸನದ ಕಾರ್ಯಾಗಾರದಲ್ಲಿ ಡೀಸೆಲ್ ಕಲಿತವರಿಗೆ ಬ್ಯಾಟರಿ, ಮೋಟಾರುಗಳನ್ನೂ ಕಲಿಸಿದರೆ ಅವರು ಕಲಿಯುತ್ತಾರೆ. ಅವರಲ್ಲಿ ಕೆಲವರಿಗೆ ಓಮನ ನಿಯಮ ಹೇಳಿಕೊಟ್ಟವನು ನಾನೇ. ಅವರ ಬುದ್ಧಿಯ ಬಗ್ಗೆ ನನಗೆ ಸಂಶಯವಿಲ್ಲ.

ಮೊನ್ನೆ ಹಳೆಯ ಶಾಲೆಯ ಕಡೆ ಹೋಗಿದ್ದೆ. ನೀವು ನೆಟ್ಟ ಹೊಂಗೆಗಳು ಚೆನ್ನಾಗಿ ಬೆಳೆದಿವೆ. ಅವು ಬಸ್ಸನ್ನು ಓಡಿಸಲಿಲ್ಲ. ಆದರೆ ಬಸ್ಸಿಗೆ ಕಾಯುವ ಮಕ್ಕಳು ಅವುಗಳ ನೆರಳಿನಲ್ಲಿಯೇ ನಿಂತಿದ್ದರು. ಸಾಲದಲ್ಲಿ ಅಷ್ಟು ತೀರಿತೆಂದು ಭಾವಿಸಿಕೊಳ್ಳುತ್ತೇನೆ. ನಿಮಗೆಲ್ಲರಿಗೂ ಒಳ್ಳೆಯದಾಗಲಿ.