ಅಲ್ಟ್ರಾ ಮ್ಯಾರಥಾನ್ ಮತ್ತು ಟ್ರೇಲ್ ಓಟದ ಆರಂಭಿಕ ತರಬೇತಿ

ಅಲ್ಟ್ರಾ ಮ್ಯಾರಥಾನ್ ಎಂಬುದು ಮ್ಯಾರಥಾನಿನ ನಿಗದಿತ ದೂರವಾದ 42.195 ಕಿಲೋಮೀಟರಿಗಿಂತ ಹೆಚ್ಚು ದೂರದ ಓಟ. 50 ಕಿ.ಮೀ., 50 ಮೈಲಿ (ಸುಮಾರು 80 ಕಿ.ಮೀ.), 100 ಕಿ.ಮೀ. ಮತ್ತು 100 ಮೈಲಿ (ಸುಮಾರು 161 ಕಿ.ಮೀ.) ಇದರ ರೂಢಿಯ ದೂರಗಳು. ದೂರಕ್ಕೆ ಬದಲಾಗಿ ಕಾಲವನ್ನು ಗೊತ್ತುಪಡಿಸಿ, 12 ಅಥವಾ 24 ಗಂಟೆಗಳಲ್ಲಿ ಯಾರು ಹೆಚ್ಚು ದೂರ ಕ್ರಮಿಸುತ್ತಾರೆಂದು ನೋಡುವ ಸ್ಪರ್ಧೆಗಳೂ ಇವೆ. ಟ್ರೇಲ್ ಓಟವು ಡಾಂಬರು ರಸ್ತೆಯನ್ನು ಬಿಟ್ಟು ಕಾಡು, ಗುಡ್ಡ, ತೋಟಗಳ ಕಾಲುದಾರಿಗಳಲ್ಲಿ ನಡೆಯುತ್ತದೆ. ಇವೆರಡೂ ಒಂದೇ ಅಲ್ಲ. ಹತ್ತು ಕಿಲೋಮೀಟರಿನ ಟ್ರೇಲ್ ಓಟವೂ ಉಂಟು, ಕ್ರೀಡಾಂಗಣದ ಸುತ್ತ ಇಡೀ ದಿನ ಓಡುವ ಅಲ್ಟ್ರಾ ಮ್ಯಾರಥಾನೂ ಉಂಟು. ಆದರೆ ಕರ್ನಾಟಕದಲ್ಲಿ ಈ ಕ್ರೀಡೆಗೆ ಹೊಸದಾಗಿ ಬರುವವರು ಸಾಮಾನ್ಯವಾಗಿ ಇವೆರಡನ್ನೂ ಒಟ್ಟಿಗೆ ಎದುರಿಸುತ್ತಾರೆ.

ಹಿನ್ನೆಲೆ

ದಕ್ಷಿಣ ಆಫ್ರಿಕದಲ್ಲಿ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಗರಗಳ ನಡುವೆ 1921ರಲ್ಲಿ ಆರಂಭವಾದ ಸುಮಾರು 90 ಕಿ.ಮೀ. ಉದ್ದದ ಕಾಮ್ರೇಡ್ಸ್ ಓಟವು ಇಂದಿಗೂ ನಡೆಯುತ್ತಿರುವ ಹಳೆಯ ಅಲ್ಟ್ರಾ ಮ್ಯಾರಥಾನುಗಳಲ್ಲಿ ಪ್ರಮುಖವಾದುದು. ಗ್ರೀಸಿನ ಅಥೆನ್ಸಿನಿಂದ ಸ್ಪಾರ್ಟಾದವರೆಗಿನ 246 ಕಿ.ಮೀ.ಗಳ ಸ್ಪಾರ್ಟಥ್ಲಾನ್ 1983ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 2007ರಲ್ಲಿ ಬೆಂಗಳೂರು ಅಲ್ಟ್ರಾ, 2016ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಆರಂಭವಾದವು. ಬೆಂಗಳೂರಿನ ಉಲ್ಲಾಸ್ ನಾರಾಯಣ ಅವರು 2018ರಲ್ಲಿ ತೈಪೆಯಲ್ಲಿ ಜರುಗಿದ ಏಷ್ಯಾ ಮತ್ತು ಓಷಿಯಾನಿಯಾ 24 ಗಂಟೆಗಳ ಚಾಂಪಿಯನ್‌ಷಿಪ್‌ನಲ್ಲಿ 250 ಕಿ.ಮೀ. ಓಡಿ ಕಂಚಿನ ಪದಕ ಪಡೆದರು.

ಕರಾವಳಿಯಲ್ಲಿ ಓಟವೆಂದರೆ ಮೊದಲು ನೆನಪಾಗುವುದು ಕಂಬಳ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಅಲ್ಟ್ರಾ ಮ್ಯಾರಥಾನ್ ಅದಕ್ಕೆ ನೇರ ವಿರುದ್ಧವಾದ ವಿದ್ಯೆ. ಇಲ್ಲಿ ಕಲಿಯಬೇಕಾದುದು ನಿಧಾನವನ್ನು.

ಮಂಗಳೂರಿನ ನೆಲ ಮತ್ತು ಋತು

ಮಂಗಳೂರಿನಲ್ಲಿ ಏರಿಳಿತಗಳಿಗೆ ಕೊರತೆಯಿಲ್ಲ. ಬಾವುಟಗುಡ್ಡೆ, ಕದ್ರಿ, ಬಿಜೈ ಮೊದಲಾದ ಕಡೆಗಳ ಏರುರಸ್ತೆಗಳೂ ಕದ್ರಿ ದೇವಾಲಯದಿಂದ ಜೋಗಿ ಮಠದತ್ತ ಏರುವ ಮೆಟ್ಟಿಲುಗಳೂ ಕಾಲಿನ ಸ್ನಾಯುಗಳಿಗೆ ಒಳ್ಳೆಯ ಅಭ್ಯಾಸ ಕೊಡುತ್ತವೆ. ಊರ ಹೊರಗಿನ ಪದವುಗಳ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಪಾದಕ್ಕೆ ಚೆನ್ನಾಗಿ ಹಿಡಿತ ಕೊಡುತ್ತದೆ. ಪಣಂಬೂರು, ತಣ್ಣೀರುಬಾವಿ, ಸಸಿಹಿತ್ಲು ಕಡಲತೀರಗಳಲ್ಲಿ ಇಳಿತದ ಹೊತ್ತಿಗೆ ಗಟ್ಟಿ ಮರಳು ದೊರೆಯುತ್ತದೆ. ತೀರವು ಸಮುದ್ರದ ಕಡೆಗೆ ವಾಲಿರುವುದರಿಂದ ಒಂದೇ ದಿಕ್ಕಿನಲ್ಲಿ ಬಹುದೂರ ಓಡಿದರೆ ಒಂದು ಬದಿಯ ಮೊಣಕಾಲು ಮತ್ತು ಸೊಂಟಕ್ಕೆ ಹೆಚ್ಚಿನ ಭಾರ ಬೀಳುತ್ತದೆ. ಹೋದಷ್ಟೇ ದೂರ ಹಿಂದಿರುಗಿ ಬಂದರೆ ಅದು ಸರಿದೂಗುತ್ತದೆ. ಉದ್ದನೆಯ ಏರಿಕೆಯ ಅನುಭವಕ್ಕೆ ಬೆಳ್ತಂಗಡಿ ಸಮೀಪದ ಗಡಾಯಿಕಲ್ಲು, ಅಂದರೆ 1794ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಜಮಲಾಬಾದ್ ಕೋಟೆಯ ಬಂಡೆಮೆಟ್ಟಿಲುಗಳು ಪ್ರಸಿದ್ಧ.

ತೊಡಕು ಇರುವುದು ಪಂಚಾಂಗದಲ್ಲಿ. ಮಲೆನಾಡಿನ ಓಟಗಳು ಸಾಮಾನ್ಯವಾಗಿ ಮಳೆಗಾಲ ಹಿಂದೆ ಸರಿಯುವ ತಿಂಗಳುಗಳಲ್ಲಿ ಜರುಗುತ್ತವೆ. ಹಾಗಾಗಿ ತರಬೇತಿಯ ಅತ್ಯಂತ ಭಾರವಾದ ವಾರಗಳು ಜುಲೈ, ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ, ಮಂಗಳೂರಿನಲ್ಲಿ ಮಳೆ ಹಿಡಿದು ಸುರಿಯುವ ಕಾಲದಲ್ಲಿಯೇ ಬರುತ್ತವೆ. ಆಗ ಬೇಸಿಗೆಯ ಅದೇ ಮುರಕಲ್ಲು ಹಾವಸೆ ಹಿಡಿದು ಎಣ್ಣೆ ಸವರಿದಂತೆ ಜಾರುತ್ತದೆ, ಗಡಾಯಿಕಲ್ಲಿನ ಪ್ರವೇಶಕ್ಕೆ ನಿರ್ಬಂಧ ಬೀಳುವುದುಂಟು, ಕಡಲತೀರಕ್ಕೆ ಇಳಿಯುವಂತಿಲ್ಲ. ಚಳಿಯೂರುಗಳ ಓಟಗಾರರಿಗಾಗಿ ಬರೆದ ತರಬೇತಿ ಪಟ್ಟಿಗಳು ಈ ಊರಿಗೆ ಹೊಂದದಿರಲು ಮುಖ್ಯ ಕಾರಣ ಇದೇ. ಇಲ್ಲಿನವರು ಕಾಲುದಾರಿಯ ಅಭ್ಯಾಸವನ್ನು ಡಿಸೆಂಬರಿನಿಂದ ಮಾರ್ಚಿಯವರೆಗೆ ಮುಗಿಸಿಕೊಂಡು, ಮಳೆಗಾಲವನ್ನು ಏರುರಸ್ತೆ, ಮೆಟ್ಟಿಲು ಮತ್ತು ಮನೆಯೊಳಗಿನ ವ್ಯಾಯಾಮಕ್ಕೆ ಮೀಸಲಿಡುವುದು ಲೇಸು.

ತರಬೇತಿಯ ಕ್ರಮ

ವಾರಕ್ಕೆ ಮೂರು ದಿನ ಅರ್ಧ ಗಂಟೆ ನಿಲ್ಲದೆ ಓಡಬಲ್ಲವರಿಗೆ 50 ಕಿ.ಮೀ. ಓಟದ ಸಿದ್ಧತೆಗೆ ಸುಮಾರು ಒಂದು ವರ್ಷ ಬೇಕು. ಆರು ತಿಂಗಳಲ್ಲಿ ಮುಗಿಸಿದವರಿದ್ದಾರೆ. ಆದರೆ ಉಸಿರಾಟದ ಶಕ್ತಿ ಕೆಲವು ವಾರಗಳಲ್ಲಿ ಹೆಚ್ಚಿದರೂ ಸ್ನಾಯುರಜ್ಜು ಮತ್ತು ಎಲುಬುಗಳು ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ, ಹೊಸಬರ ಗಾಯಗಳು ಬಹುಪಾಲು ಈ ಅಂತರದಲ್ಲಿ ಹುಟ್ಟುತ್ತವೆ. ನಲವತ್ತು ದಾಟಿದವರು, ಹಾಗೂ ರಕ್ತದೊತ್ತಡ, ಮಧುಮೇಹ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು.

ವಾರದ ಓಟಗಳಲ್ಲಿ ಹೆಚ್ಚಿನವು ಪಕ್ಕದಲ್ಲಿರುವವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತಾಡುತ್ತ ಓಡಬಹುದಾದ ವೇಗದಲ್ಲಿರಬೇಕು. ವಾರದ ಒಟ್ಟು ದೂರವನ್ನು ಶೇ. 10ಕ್ಕಿಂತ ಹೆಚ್ಚಿಸಬಾರದೆಂಬುದು ಬಳಕೆಯ ಮಾತು. ಇದು ಸಿದ್ಧಾಂತವಲ್ಲ, ಅಂಕೆ ಮೀರದಿರಲು ಇಟ್ಟುಕೊಂಡ ಎಲ್ಲೆ ಮಾತ್ರ. ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸುವುದು ವಾಡಿಕೆ. ಕೊನೆಯ ತಿಂಗಳುಗಳಲ್ಲಿ ಶನಿವಾರ ಮತ್ತು ಭಾನುವಾರ ಬೆನ್ನುಬೆನ್ನಿಗೆ ದೀರ್ಘ ಓಟಗಳನ್ನು ಇಟ್ಟುಕೊಂಡರೆ, ಒಂದೇ ದಿನ ಅತಿಯಾಗಿ ದಣಿಯದೆ, ದಣಿದ ಕಾಲಿನಲ್ಲಿ ಓಡುವ ಅಭ್ಯಾಸವಾಗುತ್ತದೆ. ಓಟಕ್ಕೆ ಎರಡು ಮೂರು ವಾರ ಮುನ್ನ ದೂರವನ್ನು ಇಳಿಸಬೇಕು.

ಕಡಿದಾದ ಏರಿನಲ್ಲಿ ನಡೆಯುವುದು ಸೋಲಲ್ಲ, ಅನುಭವಿಗಳೂ ನಡೆಯುತ್ತಾರೆ. ನಿಜವಾದ ಪೆಟ್ಟು ಇಳಿಜಾರಿನಲ್ಲಿದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುವುದರಿಂದ ಅವುಗಳ ಎಳೆಗಳಿಗೆ ಹೆಚ್ಚು ಹಾನಿಯಾಗುತ್ತದೆ. ಇಳಿಯುವುದನ್ನೂ ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕು. ನಮ್ಮ ವ್ಯಾಯಾಮಶಾಲೆಗಳ ಹಳೆಯ ಬಸ್ಕಿ ಇದಕ್ಕೆ ಉತ್ತಮ ಪೂರಕ, ಮಳೆಯಲ್ಲಿ ಹೊರಗೆ ಹೋಗಬೇಕಾಗಿಯೂ ಇಲ್ಲ.

ನೀರು, ಉಪ್ಪು, ಆಹಾರ

ಒಣ ಹವೆಯಲ್ಲಿ ಬೆವರು ಆವಿಯಾಗಿ ಮೈ ತಣಿಯುತ್ತದೆ. ಕರಾವಳಿಯ ತೇವ ತುಂಬಿದ ಗಾಳಿಯಲ್ಲಿ ಬೆವರು ಆರದೆ ಹರಿದುಹೋಗುತ್ತದೆ, ಮೈ ತಣಿಯುವುದಿಲ್ಲ. ಅದೇ ವೇಗಕ್ಕೆ ಇಲ್ಲಿ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ಆದ್ದರಿಂದ ಗಡಿಯಾರವನ್ನು ನೋಡಿ ಓಡುವುದಕ್ಕಿಂತ ಉಸಿರನ್ನು ನೋಡಿ ಓಡುವುದು ಕ್ಷೇಮ. ತನ್ನ ಬೆವರಿನ ಪ್ರಮಾಣವನ್ನು ತಿಳಿಯಲು ಸುಲಭೋಪಾಯವಿದೆ: ಒಂದು ಗಂಟೆಯ ಓಟದ ಮೊದಲೂ ನಂತರವೂ ತೂಕ ನೋಡಬೇಕು. ನಡುವೆ ಏನನ್ನೂ ಕುಡಿಯದಿದ್ದರೆ, ಇಳಿದ ಒಂದು ಕಿಲೋಗ್ರಾಂ ಸುಮಾರು ಒಂದು ಲೀಟರ್ ಬೆವರಿಗೆ ಸಮ.

ಹೆಚ್ಚು ನೀರು ಕುಡಿದಷ್ಟೂ ಒಳ್ಳೆಯದೆಂಬ ನಂಬಿಕೆ ಅಪಾಯಕಾರಿ. ಗಂಟೆಗಟ್ಟಲೆ ಓಡುತ್ತ, ಬೆವರಿ ಕಳೆದುಕೊಂಡದ್ದಕ್ಕಿಂತ ಹೆಚ್ಚು ನೀರನ್ನು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ತೋರುತ್ತವೆ. ಮಿದುಳು ಊದಿಕೊಂಡು ಸಾವೂ ಸಂಭವಿಸಬಹುದು. ಬಾಯಾರಿಕೆಗೆ ತಕ್ಕಂತೆ ಕುಡಿಯುವುದು ಹೊಸಬರಿಗೆ ಸುರಕ್ಷಿತ ನಿಯಮ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಸೋಡಿಯಂ ಕಡಿಮೆ, ಆದುದರಿಂದ ದೀರ್ಘ ಓಟದಲ್ಲಿ ಅದೊಂದನ್ನೇ ನೆಚ್ಚಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಆರ್‌ಎಸ್ ಪೊಟ್ಟಣದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು ಮತ್ತು 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಉಪ್ಪು, ಬೆಲ್ಲ ಹಾಕಿದ ಪುನರ್ಪುಳಿ ಶರಬತ್ತು ರುಚಿಗೂ ಸರಿ.

ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕೆಂಬುದು ಸಾಮಾನ್ಯ ಲೆಕ್ಕ. ಬಾಳೆಹಣ್ಣು, ಬೇಯಿಸಿದ ಗೆಣಸು, ಬೆಲ್ಲ, ಖರ್ಜೂರ ಯಾವುದಾದರೂ ಆಗಬಹುದು, ಆದರೆ ಓಟದ ದಿನ ತಿನ್ನುವುದನ್ನು ತರಬೇತಿಯಲ್ಲಿ ಮೊದಲೇ ತಿಂದು ನೋಡಿರಬೇಕು. ನೋವು ನಿವಾರಕ ಮಾತ್ರೆಗಳನ್ನು ನುಂಗಿ ಓಡುವುದು ಮೂತ್ರಪಿಂಡಗಳಿಗೆ ಹಾನಿ ತರಬಲ್ಲದು. ದೀರ್ಘ ಓಟದ ನಂತರ ಮೂತ್ರವು ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಒಡನೆ ಆಸ್ಪತ್ರೆಗೆ ಹೋಗಬೇಕು.

ಅಪಾಯಗಳು

ಚೀನಾದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು ನಡೆದ 100 ಕಿ.ಮೀ. ಪರ್ವತ ಓಟದಲ್ಲಿ ಹಠಾತ್ತಾಗಿ ಎದ್ದ ಚಳಿಗಾಳಿ, ಆಲಿಕಲ್ಲು ಮಳೆಗೆ ಸಿಲುಕಿ 21 ಓಟಗಾರರು ಮೃತಪಟ್ಟರು. ಮಲೆನಾಡಿನಲ್ಲಿ ಅಂಥ ಚಳಿ ಇಲ್ಲವಾದರೂ, ಒದ್ದೆ ಬಟ್ಟೆಯಲ್ಲಿ ಶಿಖರದ ಗಾಳಿಗೆ ನಿಂತ ಕರಾವಳಿಗರಿಗೆ ನಡುಕ ಹತ್ತುವುದು ಅಪರೂಪವೇನಲ್ಲ. ತೆಳುವಾದ ಮಳೆಯಂಗಿ, ತಲೆಗೆ ಕಟ್ಟುವ ದೀಪ, ಸೀಟಿ ಮತ್ತು ಚಾರ್ಜ್ ಇರುವ ಫೋನು ಚೀಲದಲ್ಲಿರಬೇಕು.

ಇಂಬಳಗಳು ಕಿರಿಕಿರಿ ಮಾತ್ರ, ಉಣುಗುಗಳು ಹಾಗಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ. ಅದರ ಕಾಲ ಮುಖ್ಯವಾಗಿ ಡಿಸೆಂಬರಿನಿಂದ ಮೇ ವರೆಗೆ, ಅಂದರೆ ಕಾಲುದಾರಿಗಳು ಓಟಕ್ಕೆ ಒದಗುವ ಕಾಲವೇ. ಉದ್ದ ಕಾಲುಚೀಲ ಧರಿಸುವುದು, ಉಣುಗು ನಿವಾರಕ ತೈಲ ಹಚ್ಚುವುದು, ಮರಳಿದೊಡನೆ ಸ್ನಾನ ಮಾಡಿ ಮೈ ಪರಿಶೀಲಿಸುವುದು ಅಗತ್ಯ. ಮಂಗಗಳು ಸತ್ತು ಬಿದ್ದ ಸುದ್ದಿಯಿರುವ ಕಾಡಿಗೆ ಹೋಗಲೇಬಾರದು. ಮಳೆಗಾಲದಲ್ಲಿ ನಗರದಲ್ಲಿ ಓಡುವವರಿಗೆ ಇರುವ ಅಪಾಯ ಇಲಿಜ್ವರದ್ದು. ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ರೋಗಾಣುಗಳು ಪಾದದ ಗಾಯಗಳ ಮೂಲಕ ಒಳಸೇರುತ್ತವೆ. ಕಾಲಿನಲ್ಲಿ ಗುಳ್ಳೆ ಒಡೆದಿರುವಾಗ ಕೆಸರಿನಲ್ಲಿ ಓಡಬಾರದು. ಓಟದ ಮರುವಾರಗಳಲ್ಲಿ ಜ್ವರ ಬಂದರೆ ಎಲ್ಲಿ ಓಡಿದ್ದೆಂಬುದನ್ನು ವೈದ್ಯರಿಗೆ ತಿಳಿಸಬೇಕು.

ಅನುಮತಿ

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕುಮಾರ ಪರ್ವತ ಮುಂತಾದ ಸಂರಕ್ಷಿತ ಪ್ರದೇಶಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಓಡುವಂತಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಚಾರಣಿಗರ ದಟ್ಟಣೆ ಮಿತಿಮೀರಿದ ಬಳಿಕ ಇಲಾಖೆಯು ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮುಂದೆ ಆನ್‌ಲೈನ್ ಕಾಯ್ದಿರಿಸುವಿಕೆಯನ್ನು ಜಾರಿಗೆ ತಂದಿತು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದಲೂ ದಾರಿಗಳನ್ನು ಮುಚ್ಚುವುದುಂಟು. ಕಾಫಿ, ಅಡಕೆ ತೋಟಗಳ ದಾರಿಗಳು ಖಾಸಗಿಯವರದಾಗಿರುವುದರಿಂದ ಒಡೆಯರನ್ನು ಕೇಳಿಯೇ ಒಳಗೆ ಕಾಲಿಡಬೇಕು. ಸ್ಪರ್ಧೆಯ ದಿನ ತೆರೆದಿದ್ದ ದಾರಿ ಮರುದಿನ ತೆರೆದಿರುವುದಿಲ್ಲ.