ಚಿಕ್ಕ ಗಡ್ಡೆಗೆ ದೊಡ್ಡ ಗಾಯ ಬೇಕಾ? ಮೇದೋಜೀರಕದ ನೂರು ವರ್ಷದ ಕಥೆ

ಆಲೆಟ್ಟಿಯಿಂದ ಮಾತಾಡ್ತಿದ್ದೇನೆ. ಇವತ್ತಿನ ಇತಿಹಾಸ ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ನಮ್ಮ ಹೊಟ್ಟೆಯಲ್ಲಿ, ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡ ಮಲಗಿರುವ ಒಂದು ಅಂಗದ್ದು. ಮೇದೋಜೀರಕ ಗ್ರಂಥಿ, ಡಾಕ್ಟರ್ ಭಾಷೆಯಲ್ಲಿ ಪ್ಯಾಂಕ್ರಿಯಾಸ್. ಅದರಲ್ಲಿ ಸುಲಿದ ಅಡಿಕೆಗಿಂತ ಸಣ್ಣ ಗಡ್ಡೆಯೊಂದು ಬೆಳೆದರೆ, ಅದಕ್ಕಾಗಿ ಇಡೀ ಹೊಟ್ಟೆ ಕೊಯ್ಯಬೇಕಾ? ಪ್ರಶ್ನೆ ಇಷ್ಟೇ. ಉತ್ತರ ಸಿಗಲಿಕ್ಕೆ ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು ಮಾರಾಯ್ರೆ.

1869ರಲ್ಲಿ ಬರ್ಲಿನ್‌ನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಯುವಕ ಈ ಗ್ರಂಥಿಯೊಳಗೆ ದ್ವೀಪಗಳ ಹಾಗೆ ಚದುರಿದ್ದ ಜೀವಕೋಶಗಳ ಗುಂಪನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಅವು ಎಂತ ಮಾಡ್ತವೆ ಅಂತ ಅವನಿಗೂ ಗೊತ್ತಿರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದಾಗ ಗುಟ್ಟು ಬಿಚ್ಚಿಕೊಂಡಿತು. ಇನ್ಸುಲಿನ್ ಕಡಿಮೆಯಾದರೆ ಸಕ್ಕರೆ ಕಾಯಿಲೆ. ಹಾಗಾದ್ರೆ ಹೆಚ್ಚಾದರೆ?

ಅದಕ್ಕೂ ಉತ್ತರ ಬೇಗ ಬಂತು. 1927ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಿಂದ ಒಂದು ವರದಿ ಪ್ರಕಟವಾಯಿತು. ರೋಗಿ ಸ್ವತಃ ವೈದ್ಯ. ಅವರ ಸಕ್ಕರೆ ಮತ್ತೆ ಮತ್ತೆ ಕುಸಿಯುತ್ತಿತ್ತು. ವಿಲಿಯಂ ಮೇಯೊ ಹೊಟ್ಟೆ ತೆರೆದು ನೋಡಿದರೆ, ಮೇದೋಜೀರಕದ ಗಡ್ಡೆ ಆಗಲೇ ಯಕೃತ್ತಿಗೂ ಹರಡಿತ್ತು. ಅವರು ಉಳಿಯಲಿಲ್ಲ. ಆದರೆ ಆ ಗಡ್ಡೆಯ ಸಾರವನ್ನು ಮೊಲಕ್ಕೆ ಚುಚ್ಚಿದಾಗ ಮೊಲದ ಸಕ್ಕರೆಯೂ ಕುಸಿಯಿತು. ಗಡ್ಡೆಯೇ ಇನ್ಸುಲಿನ್ ಸುರಿಸ್ತಿತ್ತು ಅಂತ ಸಾಬೀತಾಯ್ತು. ಇಂಥ ಗಡ್ಡೆಗೆ ಇನ್ಸುಲಿನೋಮ ಅಂತ ಹೆಸರು. 1929ರಲ್ಲಿ ಅದೇ ಟೊರಾಂಟೊದಲ್ಲಿ ರಾಸ್ಕೊ ಗ್ರಹಾಂ ಅಂಥದ್ದೊಂದನ್ನು ಕತ್ತರಿಸಿ ತೆಗೆದರು. ರೋಗಿ ಗುಣವಾದರು.

ಮುಂದಿನ ದಶಕದಲ್ಲಿ ನ್ಯೂಯಾರ್ಕ್‌ನ ಸರ್ಜನ್ ಅಲೆನ್ ವಿಪಲ್ ಒಂದು ಸರಳ ಸೂತ್ರ ಕೊಟ್ಟರು. ಹಸಿದಿರುವಾಗ ತಲೆಸುತ್ತು, ಬೆವರು, ಗೊಂದಲ ಬರಬೇಕು. ಅದೇ ಹೊತ್ತಿಗೆ ರಕ್ತದ ಸಕ್ಕರೆ ಕಡಿಮೆ ಇರಬೇಕು. ಸಕ್ಕರೆ ಕೊಟ್ಟ ಕೂಡಲೇ ಸರಿಯಾಗಬೇಕು. ಮೂರೂ ಸೇರಿದರೆ ಅನುಮಾನ ಪಡಿ ಅಂತ. ನಮ್ಮೂರಲ್ಲಿ ಮನೆಗೆ ಬಂದವರಿಗೆಲ್ಲ ಬೆಲ್ಲ, ನೀರು ಕೊಡುವ ಕ್ರಮ ಉಂಟಲ್ವಾ? ಬೆಲ್ಲ ತಿಂದ ಮೇಲೆ ಸರಿಯಾಯ್ತು ಅಂದರೆ ಅಲ್ಲಿಗೆ ಮಾತು ಮುಗಿಸ್ತೇವೆ. ವಿಪಲ್‌ಗೆ ವಿಚಾರಣೆ ಅಲ್ಲಿಂದಲೇ ಶುರು.

ಆದ್ರೆ ಶಸ್ತ್ರಚಿಕಿತ್ಸೆ ಸುಲಭ ಇರಲಿಲ್ಲ. ಗ್ರಂಥಿಯ ತಲೆಭಾಗ ತೆಗೆಯುವ ವಿಪಲ್ ಅವರ ದೊಡ್ಡ ಆಪರೇಷನ್ 1935ರದ್ದು. 1970ರ ದಶಕದವರೆಗೂ ಅದರಲ್ಲಿ ನಾಲ್ವರಲ್ಲಿ ಒಬ್ಬರವರೆಗೂ ಸಾಯುತ್ತಿದ್ದರು. ಸಣ್ಣ ಗಡ್ಡೆಯನ್ನು ಮಾತ್ರ ಕೆರೆದು ತೆಗೆಯೋಣ ಅಂದರೆ, ಅದು ಎಲ್ಲುಂಟು ಅಂತಲೇ ಕಾಣದು. ಸರ್ಜನ್ ಬೆರಳಿನಿಂದ ತಡವಿ ಹುಡುಕಬೇಕು. ಅಂದರೆ ಸಮಸ್ಯೆ ಬರೀ ಕತ್ತರಿಯದ್ದಲ್ಲ, ಕಣ್ಣಿನದ್ದೂ ಹೌದು.

ಕಣ್ಣಿನ ಕಥೆ ಬೇರೆ ದಾರಿಯಲ್ಲಿ ಬಂತು. 1868ರಲ್ಲಿ ಜರ್ಮನಿಯ ಕುಸ್‌ಮೌಲ್ ಕತ್ತಿ ನುಂಗುವ ಕಲಾವಿದನೊಬ್ಬನ ಗಂಟಲಿಗೆ ನೇರ ಕೊಳವೆ ಇಳಿಸಿ ಜಠರ ನೋಡಲು ಹೊರಟರು. ಬೆಳಕು ಸಾಕಾಗಲಿಲ್ಲ. ಬಳುಕುವ ಕೊಳವೆಯಲ್ಲಿ ಚಿತ್ರ ಸಾಗಿಸಬೇಕಿತ್ತು. 1954ರಲ್ಲಿ, ಅಂದರೆ ಮಣಿಪಾಲದಲ್ಲಿ ಕೆಎಂಸಿ ಶುರುವಾದ ಮರುವರ್ಷ, ಲಂಡನ್ನಿನಲ್ಲಿ ಪಂಜಾಬಿನ ಮೋಗಾದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹೆರಾಲ್ಡ್ ಹಾಪ್‌ಕಿನ್ಸ್ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಕಳಿಸಿ ತೋರಿಸಿದರು. 1957ರಲ್ಲಿ ಬೇಸಿಲ್ ಹಿರ್ಶೊವಿಟ್ಜ್ ಅಂಥ ಎಳೆಗಳ ಎಂಡೋಸ್ಕೋಪನ್ನು ಮೊದಲು ತಾವೇ ನುಂಗಿದರು. 1980ರ ಹೊತ್ತಿಗೆ ಅದರ ತುದಿಗೆ ಅಲ್ಟ್ರಾಸೌಂಡ್ ಬಂತು. ಜಠರದ ಗೋಡೆಯ ಆಚೆ ಇರುವ ಗ್ರಂಥಿ ಈಗ ಒಳಗಿಂದಲೇ ಕಾಣಿಸಿತು. 1990ರ ದಶಕದಲ್ಲಿ ಅದೇ ದಾರಿಯಲ್ಲಿ ಸೂಜಿಯೂ ಹೋಯಿತು.

ಸೂಜಿ ಮುಟ್ಟಿತು ಅಂದ ಮೇಲೆ ಚಿಕಿತ್ಸೆಯೂ ಮುಟ್ಟಬಹುದಲ್ವಾ? 2006ರಲ್ಲಿ ಜರ್ಮನಿಯ ವೈದ್ಯರು ವೃದ್ಧೆಯೊಬ್ಬರ ಇನ್ಸುಲಿನೋಮಕ್ಕೆ ಹೀಗೆಯೇ ಆಲ್ಕೋಹಾಲ್ ಚುಚ್ಚಿ ಸುಟ್ಟರು. ಮುಂದಿನ ಹೆಜ್ಜೆ ನಮಗೆ ಹತ್ತಿರದ್ದು, ಹೈದರಾಬಾದಿನದ್ದು. ಬೀದರ್, ಕಲಬುರಗಿ ಕಡೆಯ ಎಷ್ಟೋ ಕನ್ನಡದ ಕುಟುಂಬಗಳು ಚಿಕಿತ್ಸೆಗೆ ಹೋಗುವ ಊರು ಅದು. ಅಲ್ಲಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ಸಂದೀಪ್ ಲಖ್ಟಾಕಿಯಾ, ನಾಗೇಶ್ವರ ರೆಡ್ಡಿ ತಂಡ 2016ರಲ್ಲಿ ಮೂವರು ರೋಗಿಗಳ ವರದಿ ಪ್ರಕಟಿಸಿತು. ಮೂವರಿಗೂ ಶಸ್ತ್ರಚಿಕಿತ್ಸೆ ಆಗುವ ಹಾಗಿರಲಿಲ್ಲ. ಸೂಜಿಯ ತುದಿಗೆ ರೇಡಿಯೋತರಂಗದ ವಿದ್ಯುತ್ ಹರಿಸಿ, ಗಡ್ಡೆಯನ್ನು ಒಳಗಿಂದ ಬಿಸಿಮಾಡಿ ಸುಡುವ ಕ್ರಮ ಅದು. ಸಕ್ಕರೆ ಬೇಗ ಸರಿಯಾಯ್ತು. ಹೊಟ್ಟೆಯ ಮೇಲೆ ಒಂದು ಗೀಟೂ ಇಲ್ಲ.

ನಾನು ಬಿ.ಕಾಂ. ಓದಿದವ, ಜಮೆಯ ಜತೆ ಖರ್ಚನ್ನೂ ನೋಡಬೇಕು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸೂಜಿಯ 89 ರೋಗಿಗಳನ್ನು ಶಸ್ತ್ರಚಿಕಿತ್ಸೆಯ 89 ರೋಗಿಗಳೊಂದಿಗೆ ಹೋಲಿಸಿತು. ತೊಡಕು ಕಂಡದ್ದು ಸೂಜಿಯಲ್ಲಿ 18%, ಶಸ್ತ್ರಚಿಕಿತ್ಸೆಯಲ್ಲಿ 61.8%. ಆದರೆ ಗುಣವಾದದ್ದು ಸೂಜಿಯಲ್ಲಿ 95.5%, ಶಸ್ತ್ರಚಿಕಿತ್ಸೆಯಲ್ಲಿ 100%. ಸೂಜಿಯವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ತೊಂದರೆ ಮರುಕಳಿಸಿತು. ಹಾಗಾಗಿ ಇದು ಎಲ್ಲರಿಗೂ ಅಲ್ಲ. ಮೇದೋಜೀರಕದ ಸಾಮಾನ್ಯ ಕ್ಯಾನ್ಸರ್ ಬೇರೆಯೇ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಇಷ್ಟಕ್ಕೂ ಆಲೆಟ್ಟಿಗೂ ಇದಕ್ಕೂ ಎಂತ ಸಂಬಂಧ? ಇನ್ಸುಲಿನೋಮ ವರ್ಷಕ್ಕೆ 10 ಲಕ್ಷ ಜನರಲ್ಲಿ 1ರಿಂದ 4 ಮಂದಿಗೆ ಬರುವ ಕಾಯಿಲೆ. ದಕ್ಷಿಣ ಕನ್ನಡದಲ್ಲಿ 2011ರ ಗಣತಿಯಂತೆ 20 ಲಕ್ಷಕ್ಕೂ ಹೆಚ್ಚು ಜನ. ಅಂದರೆ ಲೆಕ್ಕದ ಪ್ರಕಾರ ಇಡೀ ಜಿಲ್ಲೆಗೆ ವರ್ಷಕ್ಕೆ 2ರಿಂದ 8 ಮಂದಿ. ಅಪರೂಪ ಆದ್ದರಿಂದಲೇ ಇದು ತಪ್ಪಿಸಿಕೊಳ್ತದೆ. ಅಪಸ್ಮಾರ ಅಂತಾರೆ, ಮಾನಸಿಕ ಅಂತಾರೆ, ಕೆಲವು ಕಡೆ ಗಾಳಿ ಸೋಂಕು ಅಂತಲೂ ಅಂತಾರೆ. ವರ್ಷಗಳೇ ಹೋಗ್ತವೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅಡಿಕೆ ಮರ ಹತ್ತುವವರಿಗೆ ಅಷ್ಟು ಎತ್ತರದಲ್ಲಿ ಕಣ್ಣು ಕತ್ತಲೆ ಬಂದರೆ ಗಡ್ಡೆಗಿಂತ ಮೊದಲು ಬೀಳುವುದೇ ಪ್ರಾಣ ತೆಗೀತದೆ.

ಸೂಜಿ ಹೈದರಾಬಾದಿನಲ್ಲಿರಬಹುದು. ಆದ್ರೆ ವಿಪಲ್ ಸೂತ್ರಕ್ಕೆ ಬೇಕಾದ್ದು ಬೆರಳಿನಿಂದ ಒಂದು ಹನಿ ರಕ್ತ, ಒಂದು ಗ್ಲುಕೋಮೀಟರ್. ಅದು ಈಗ ಎಷ್ಟೋ ಮನೆಗಳಲ್ಲೇ ಉಂಟು. ಎಚ್ಚರ ಇರುವವರಿಗೆ ಬೆಲ್ಲ ಕೊಡುವ ಮೊದಲು ಒಂದು ಸಲ ನೋಡಿ, ಬರೆದಿಡಿ, ಆ ಚೀಟಿ ಡಾಕ್ಟರಿಗೆ ತೋರಿಸಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮುಂದಿನ ವಾರ ಸಿಗುವ.